ಡಿಸ್‌ಪ್ಲೇ ಹೋದ ಫೋನು

ಅವರ ಹೆಬ್ಬೆರಳಿನ ತುದಿ ಬೆಸುಗೆಯ ಬಿಸಿ ಕಡ್ಡಿ ತಾಗಿ ತಾಗಿ ಕೊರಡಿನಂತಾಗಿತ್ತು. ನನ್ನ ತೋರುಬೆರಳನ್ನು ಹಿಡಿದು ಫೋನಿನ ಗಾಜಿನ ಮೇಲೆ ಎಳೆದಾಗ ಅದು ತಿಳಿಯಿತು. ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಮೊಬೈಲ್ ರಿಪೇರಿ ಅಂಗಡಿ.

ನಾನು ಹಟ್ಟಿಕೇರಿಯವಳು. ಹೊಲಿಗೆ ಮಾಡುತ್ತಿದ್ದೆ, ಮೂವತ್ತು ದಾಟುವುದರೊಳಗೆ ಎರಡೂ ಕಣ್ಣು ಹೋದವು. ಕಾರವಾರದಲ್ಲಿ ಕಣ್ಣಿಲ್ಲದವರ ಒಂದು ಶಿಬಿರದಲ್ಲಿ, ಬರೆದದ್ದನ್ನು ಓದಿ ಹೇಳುವ ಯಂತ್ರ ತೋರಿಸಿದರು. ಅದರ ಬೆಲೆ ಕೇಳಿದ ಮೇಲೆ, ಕೂಲಿ ಮಾಡುವ ನನ್ನ ಅಣ್ಣ ಕೈ ಹಿಡಿದು ನನ್ನನ್ನು ಹೊರಗೆ ಕರೆತಂದ. ಮರುವಾರ ಅತ್ತಿಗೆಯ ಜೊತೆ ಅಂಕೋಲೆಯ ಆ ಅಂಗಡಿಗೆ ಹೋದೆ, ಬಿದ್ದು ಪರದೆ ಕಪ್ಪಾಗಿದ್ದ ನನ್ನ ಫೋನನ್ನು ಬಂದಷ್ಟಕ್ಕೆ ಮಾರಲು.

ಅವರು ಕೊಳ್ಳಲಿಲ್ಲ. ಯಾಕೆ ಮಾರುವುದೆಂದು ಕೇಳಿದರು. ಅತ್ತಿಗೆ ನನ್ನ ಕಣ್ಣಿನ ವಿಷಯ ಹೇಳಿದಳು.

"ಡಿಸ್‌ಪ್ಲೇ ಹೋಯ್ತು, ಫೋನ್ ಹೋಗ್ಲಿಲ್ಲ. ನಿಂಗೆ ಡಿಸ್‌ಪ್ಲೇ ಎಂತಕ್ಕೆ ತಂಗಿ?" ಅಂದರು.

ಬದಿಯ ಗುಂಡಿಗಳನ್ನು ಒತ್ತಿ ಹಿಡಿದರು. ಫೋನು ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಆ ದನಿ ಮೊದಲಿಂದಲೂ ಅದರೊಳಗೇ ಇತ್ತಂತೆ, ಪುಕ್ಕಟೆ. ಅದಕ್ಕೆ ಕನ್ನಡ ಕೂಡಿಸಲು ಅವರಿಗೆ ಕೆಲವು ದಿನ ಹಿಡಿಯಿತು. ತಾನು ಕಲಿಯದೆ ಕಲಿಸುವುದು ಹೇಗೆಂದು, ಕಣ್ಣಿಗೆ ಟವೆಲು ಕಟ್ಟಿಕೊಂಡು ಅಂಗಡಿಯಲ್ಲೇ ಅಭ್ಯಾಸ ಮಾಡಿದರು. ಗಿರಾಕಿಗಳು ನಗುತ್ತಿದ್ದರೆಂದು ಅವರ ಹೆಂಡತಿ ಹೇಳಿದ್ದುಂಟು.

ನಾನು ಮೊದಲು ಕೇಳಿದ್ದು ಹಳೆಯ ಮೆಸೇಜುಗಳನ್ನು. ಬ್ಲೌಸ್ ಆಯ್ತಾ, ಯಾವಾಗ ಬರಲಿ, ಯಾಕೆ ಉತ್ತರ ಇಲ್ಲ. ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ತಡೆಯಲಿಲ್ಲ. ಇನ್ಯಾರದೋ ಫೋನು ಬಿಚ್ಚುತ್ತ ಕೂತಿದ್ದರು.

ಆಮೇಲೆ ಅವರಿಗೆ ಅದೇ ರೂಢಿಯಾಯಿತು. ಹೊಸ ಫೋನು ಕೊಂಡವರ ಹತ್ತಿರ ಹಳೆಯದನ್ನು ಬಿಟ್ಟುಹೋಗಲು ಹೇಳುವರು. ಟಚ್, ಸ್ಪೀಕರ್ ಸರಿಯಿದ್ದರೆ ಸಾಕು. ಗಾಜು ಒಡೆದಿದ್ದರೆ ಬೆರಳು ಕೊಯ್ಯದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸುವರು. ಹಾಳೆಯ ದುಡ್ಡು ಮಾತ್ರ ತೆಗೆದುಕೊಳ್ಳುವರು. ಬೇಲೆಕೇರಿಯಲ್ಲಿ ಬಲೆ ಹೆಣೆಯುವ, ಕಣ್ಣು ಕಾಣದ ಒಬ್ಬರಿಗೆ ಒಂದು ಹೋಯಿತು, ಕಾರವಾರದ ಕಾಲೇಜು ಹುಡುಗಿಗೆ ಇನ್ನೊಂದು. ಕಲಿಸಲು ನನ್ನನ್ನು ಕರೆಸುತ್ತಿದ್ದರು. ದಾನ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ರಿಪೇರಿ ಅನ್ನು, ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಎದೆನೋವೆಂದು ಅವರನ್ನು ಕಾರವಾರಕ್ಕೆ ಒಯ್ದರು. ತಿರುಗಿ ಬರಲಿಲ್ಲ. ಮೇಜಿನ ಮೇಲೆ ತಯಾರಾಗಿದ್ದ ಒಂದು ಫೋನನ್ನು ಅವರ ಹೆಂಡತಿ ನನ್ನ ಕೈಗಿಟ್ಟರು. ಅದು ಹಿಲ್ಲೂರಿನ ಒಬ್ಬ ಅಜ್ಜಿಗೆ ಸೇರಬೇಕಿತ್ತು. ಅವಳಿಗೂ ಹುಟ್ಟಿನಿಂದಲ್ಲ, ಆಮೇಲೆ ಕಣ್ಣು ಹೋದದ್ದು. ಅತ್ತಿಗೆಯ ಜೊತೆ ಹೋಗಿ ಕಲಿಸಿಕೊಟ್ಟೆ. ಸಂಜೆಯ ಹೊತ್ತಿಗೆ ಅಜ್ಜಿ ಮಗಳ ಹೆಸರನ್ನು ತಾನೇ ಹುಡುಕಿ, ಅವಳೊಡನೆ ಮಾತಾಡಿದಳು. ಆಮೇಲೆ, ಇದನ್ನು ಮಾಡಿದ್ದು ಯಾರೆಂದು ಕೇಳಿದಳು. ಹೇಳಿದೆ, ತೀರಿಕೊಂಡದ್ದನ್ನೂ.

"ನೋಡುಕೆ ಹೇಗಿದ್ರು?"

"ನಾನೂ ನೋಡ್ಲಿಲ್ಲ ಅಜ್ಜಿ."

ಬಸ್ಸಿನಲ್ಲಿ, ಅವರು ನೋಡಲು ಹೇಗಿದ್ದರೆಂದು ಅತ್ತಿಗೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಆ ಕೊರಡು ಹೆಬ್ಬೆರಳು ನನಗೆ ಸಾಕಿತ್ತು.