ವುರ್ಯಾನಿಯ ಬಿಳಿ ಅನ್ನ

ಜಾವಾದ ದಕ್ಷಿಣ ಕಡಲಂಚಿನ ಹವಾಮಾನ ಕಚೇರಿಯಲ್ಲಿ ದುಡಿಯುತ್ತಲೇ ವುರ್ಯಾನಿಯ ತಲೆ ಅರ್ಧ ನರೆತಿತ್ತು. ಗಾಳಿ ನೋಡುವುದು, ಅಲೆಯ ಎತ್ತರ ಲೆಕ್ಕ ಹಾಕುವುದು, ಅಪಾಯವಿದ್ದರೆ ಮೀನುಗಾರರಿಗೆ ಎಚ್ಚರಿಕೆ ಕೊಡುವುದು ಅವಳ ಕೆಲಸ. ಊರಿನವರ ಪಾಲಿಗೆ ಮಾತ್ರ ಅವಳು ಸರ್ಕಾರ ಸಂಬಳ ಕೊಟ್ಟು ಸಾಕಿಕೊಂಡ ಮಂತ್ರವಾದಿ. ಮದುವೆ ಮನೆಯವರು ಮೊದಲು ಊರಿನ ಹಳೇ ಮಂತ್ರವಾದಿ ಕರ್ಸೋ ಅಜ್ಜನ ಹತ್ತಿರ ಓಡುತ್ತಾರೆ. ಅವನು ಪೊರಕೆಕಡ್ಡಿ ತಲೆಕೆಳಗಾಗಿ ನೆಟ್ಟು, ತುದಿಗೆ ಕೆಂಪು ಮೆಣಸಿನಕಾಯಿ ಚುಚ್ಚಿ ಮಳೆ ತಡೆಯುತ್ತಾನೆ. ಆಮೇಲೆ, ಯಾವುದಕ್ಕೂ ಇರಲಿ ಎಂದು ಇವಳ ಬಾಗಿಲಿಗೆ ಬರುತ್ತಾರೆ.

"ಅಕ್ಕಾ, ಶನಿವಾರ ಒಂದಿನ ಮಳೆ ಹಿಡ್ಕೊಳ್ಳಿ."

"ನಾನು ಹಿಡಿಯೋಳಲ್ಲಪ್ಪಾ, ನೋಡಿ ಹೇಳೋಳು!"

"ಅದೇ ಅಕ್ಕಾ, ಸ್ವಲ್ಪ ನೋಡ್ಕೊಳ್ಳಿ."

ಇಂಥವರ ಜೊತೆ ಏನು ಏಗುವುದು? ಹಾಗಂತ ವುರ್ಯಾನಿ ದೇವರಿಲ್ಲ ಎನ್ನುವ ಪೈಕಿಯಲ್ಲ. ಐದು ಹೊತ್ತಿನ ನಮಾಜು ತಪ್ಪಿಸಿದವಳಲ್ಲ, ರಂಜಾನ್ ಉಪವಾಸ ಬಿಟ್ಟವಳಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿ. ದೇವರ ಮುಂದೆ ಕೂತಾಗ ಅವಳು ಸಾಕ್ಷಿ ಕೇಳುತ್ತಿರಲಿಲ್ಲ. ಕಚೇರಿಯಲ್ಲಿ ಕೂತಾಗ ತನ್ನ ಲೆಕ್ಕವನ್ನೇ ನಂಬುತ್ತಿರಲಿಲ್ಲ, ಮತ್ತೆ ಮತ್ತೆ ತಾಳೆ ನೋಡುತ್ತಿದ್ದಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡಕ್ಕೂ ಅವಮಾನ ಎಂದು ಊರಿಗೆಲ್ಲ ಹೇಳಿ ಸಾಕಾಗಿತ್ತು.

ಊರು ಹೋಗಲಿ, ಸ್ವಂತ ತಮ್ಮ ತುಕಿರಾನನಿಗೇ ಅದು ತಲೆಗೆ ಹೋಗಲಿಲ್ಲ. ಅಪ್ಪನನ್ನು ನುಂಗಿದ ಕಡಲಿಗೇ ದಿನಾ ದೋಣಿ ಇಳಿಸುವ ಭಂಡ ಅವನು. ಗಾಳಿ ತಿಂಗಳ ಒಂದು ಮಧ್ಯಾಹ್ನ, ವುರ್ಯಾನಿ ಊಟಕ್ಕೆ ಕೂತಿದ್ದಾಗ ಬಲೆ ಹೆಗಲಿಗೆ ಹಾಕಿಕೊಂಡು ಬಂದ.

"ನಾಳೆ ಹೋಗಬೇಡ ಕಣೋ. ಆಳೆತ್ತರದ ಅಲೆ ಏಳುತ್ತೆ, ನೂರಕ್ಕೆ ಎಪ್ಪತ್ತು ಪಾಲು," ಎಂದಳು.

"ಹೋದ ಸಲಾನೂ ಹಿಂಗೇ ಅಂದೆ. ಕಡಲು ಕೆರೆ ಥರ ಮಲಗಿತ್ತು. ನಾವು ಇಸ್ಪೀಟು ಆಡ್ಕೊಂಡು ಕೂತ್ವಿ."

"ಮೂವತ್ತು ಪಾಲು ಬರದೇನೂ ಇರಬಹುದು ಅಂದಿದ್ನಲ್ಲೋ!"

"ಕರ್ಸೋ ಅಜ್ಜ ಯಾವತ್ತಾದ್ರೂ ಮೂವತ್ತು ಪಾಲು ಅಂದಿದ್ದಾನಾ?"

"ಅವನು ಸೋತ್ರೆ ಯಾರೋ ಮೈಲಿಗೆ ಮಾಡಿದ್ರು ಅಂತಾನೆ. ನಾನು ಸೋತ್ರೆ ಸೋತೆ ಅಂತೀನಿ, ಎಲ್ಲಿ ತಪ್ಪಿದೆ ಅಂತ ಹುಡುಕ್ತೀನಿ. ವ್ಯತ್ಯಾಸ ಗೊತ್ತಾಗಲ್ವೇನೋ ಕತ್ತೆ?"

"ಗೊತ್ತಾಗುತ್ತೆ. ಅವನು ಕಲಿತಿರೋನು, ನೀನಿನ್ನೂ ಕಲೀತಾ ಇದ್ದೀಯ." ತುಕಿರಾನ್ ಹಲ್ಲು ಕಿರಿದ. "ನೀನು ಯಂತ್ರ ನೋಡ್ತೀಯ, ಅವನು ಯಂತ್ರ ಕಟ್ತಾನೆ. ಎಲ್ಲಾ ನಂಬಿಕೇನೇ ಬಿಡಕ್ಕಾ."

ಅಷ್ಟರಲ್ಲಿ ಅವನ ಕಣ್ಣು ತಟ್ಟೆಗೆ ಬಿತ್ತು. ಹೊಟ್ಟೆ ಕೆಟ್ಟಿದ್ದರಿಂದ ವುರ್ಯಾನಿ ಖಾರ, ಕರಿದದ್ದು ಎಲ್ಲ ಬಿಟ್ಟು ಬರೀ ಅನ್ನ, ನೀರು ಇಟ್ಟುಕೊಂಡು ಕೂತಿದ್ದಳು. ಉಪ್ಪು ಕೂಡ ಮುಟ್ಟದೆ ಬಿಳಿ ಅನ್ನ, ನೀರಿನಲ್ಲೇ ಇರುವುದೆಂದರೆ ಮುತಿಹ್ ವ್ರತ. ದೊಡ್ಡ ಶಕ್ತಿ ಬೇಡುವವರು ಮಾತ್ರ ಅದನ್ನು ಹಿಡಿಯುವುದು. ತುಕಿರಾನನ ನಗು ಇಳಿದುಹೋಯಿತು.

"ಅಕ್ಕಾ, ಮುತಿಹ್ ಹಿಡಿದಿದ್ದೀಯಾ? ನೀನೇ ವ್ರತ ಹಿಡಿಯೋವಷ್ಟು ದೊಡ್ಡ ಅಲೆನಾ?"

ಹೊಟ್ಟೆ ಸರಿಯಿಲ್ಲ ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಹೋದ ದಿನ ದೋಣಿಯ ಹಲಗೆಯೊಂದೇ ದಡಕ್ಕೆ ಬಂದದ್ದು ನೆನಪಾಯಿತು. ಅವಳು ಆ ಮಾತನ್ನು ನುಂಗಿಕೊಂಡಳು.

"ಹೂಂ," ಎಂದಳು.

ತುಕಿರಾನ್ ಬಲೆ ಅಲ್ಲೇ ಇಳಿಸಿ ಹೋದ. ಸಂಜೆಯೊಳಗೆ ವ್ರತದ ಸುದ್ದಿ ಊರೆಲ್ಲ ಹಬ್ಬಿತು, ಮಾರನೆಯ ದಿನ ಬಂದರಿನಿಂದ ಒಂದು ದೋಣಿಯೂ ಇಳಿಯಲಿಲ್ಲ. ಇಷ್ಟು ವರ್ಷದ ಲೆಕ್ಕ ಮಾಡದ್ದನ್ನು ಒಂದು ಸುಳ್ಳು ಹೂಂ ಮಾಡಿತ್ತು. ತಮ್ಮ ಉಳಿದನೆಂಬ ಸಮಾಧಾನ ಒಂದು ಕಡೆ, ತನ್ನ ಮೇಲೇ ಹೇಸಿಗೆ ಇನ್ನೊಂದು ಕಡೆ.

ಅಲೆ ಮಾತ್ರ ಏಳಲಿಲ್ಲ. ಗಾಳಿ ದೂರದಲ್ಲೇ ದಿಕ್ಕು ಬದಲಿಸಿತ್ತು. ಸರಿ, ಇವತ್ತು ಚೆನ್ನಾಗಿ ಉಗಿಯುತ್ತಾರೆ ಎಂದುಕೊಂಡು ಮನೆಗೆ ಬಂದರೆ ಅಂಗಳದ ತುಂಬ ಜನ. ತುಕಿರಾನ್ ಮುಂದೆ ಬಂದು ಅಕ್ಕನ ಕೈ ಹಿಡಿದು ಹಣೆಗೆ ಒತ್ತಿಕೊಂಡ.

"ಆಳೆತ್ತರದ ಅಲೇನೇ ತಡೆದುಬಿಟ್ಟೆಯಲ್ಲಕ್ಕಾ!"

"ನಾನು ತಡೀಲಿಲ್ಲ ಕಣ್ರೋ! ನನ್ನ ಲೆಕ್ಕ ತಪ್ಪಿತು! ಹೊಟ್ಟೆ ಕೆಟ್ಟಿತ್ತು, ಅದಕ್ಕೇ ಬರೀ ಅನ್ನ ತಿಂದೆ! ವ್ರತಾನೂ ಇಲ್ಲ, ಮಣ್ಣೂ ಇಲ್ಲ!"

ಕರ್ಸೋ ಅಜ್ಜ ಮೆಚ್ಚುಗೆಯಿಂದ ತಲೆದೂಗಿದ. "ನಿಜವಾಗಿ ಶಕ್ತಿ ಇರೋರು ಹಿಂಗೇ. ಒಪ್ಕೊಳ್ಳೋದೇ ಇಲ್ಲ."

ವುರ್ಯಾನಿಗೆ ಅಳು ಬಂತು. ಸರಿಯಾಗಿ ಹೇಳಿದಾಗಲೆಲ್ಲ ಅನುಮಾನಪಟ್ಟವರು, ತಪ್ಪಿದೆ ಎಂದು ಕಿರುಚುತ್ತಿರುವಾಗ ನಂಬಿ ನಿಂತಿದ್ದರು. ಇನ್ನು ಇವರಿಗೆ ಯಾವ ಬಾಯಲ್ಲಿ ಏನು ಹೇಳುವುದು?

ತುಕಿರಾನ್ ತಾನು ಅಲ್ಲೇ ಬಿಟ್ಟುಹೋಗಿದ್ದ ಬಲೆಯನ್ನು ಹೆಗಲಿಗೇರಿಸಿದ. ಅವನ ಮುಖದಲ್ಲಿ ಚೂರೂ ಭಯವಿರಲಿಲ್ಲ.

"ಇನ್ಮೇಲೆ ಎಂಥಾ ಅಲೆ ಬರುತ್ತೆ ಅಂದ್ರೂ ಚಿಂತೆ ಇಲ್ಲ ಅಕ್ಕಾ. ನೀನು ಮನೇಲಿ ಅನ್ನ ತಿಂತಾ ಇರು, ನಾವು ಹೋಗಿ ಬರ್ತೀವಿ."