ಪೌಲನಿಂದ ಬೈಸಿಕೊಂಡ ಹುಸೇನಪ್ಪ

ಮಲ್ಕಾಜ್‌ಗಿರಿಯ ಹುಸೇನಪ್ಪನವರು ರೈಲ್ವೆಯಲ್ಲಿ ಟಿ.ಸಿ. ಆಗಿದ್ದು ನಿವೃತ್ತರಾದವರು. ಬೀದರ ಕಡೆಯ ಮೆಥೋಡಿಸ್ಟ್ ಕ್ರೈಸ್ತ ಮನೆತನ. ಕರಿಕೋಟು ಕಳಚಿಟ್ಟ ಮೇಲೆ ಬೈಬಲ್ ಹಿಡಿದರು. "ಮದ್ಲ ಕಾಚಿಗುಡಾಕ್ಕ ಹೋಗೋರ ಟಿಕೆಟ್ ನೋಡ್ತಿದ್ದೆ, ಈಗ ಸ್ವರ್ಗಕ್ಕ ಹೋಗೋರದು ನೋಡಾಕತ್ತೀನಿ," ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆದರೆ ನೋಡುವುದನ್ನೇನೂ ಬಿಟ್ಟಿರಲಿಲ್ಲ.

ಸೊಸೆ ಸಂಯುಕ್ತಾ ಕ್ಯಾಥೊಲಿಕರ ಮನೆಯವಳು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಒಂದು ಭಾನುವಾರ ಮಾವನನ್ನು ತನ್ನ ಚರ್ಚಿಗೆ ಕರೆದೊಯ್ದಳು. ಪಾದ್ರಿ ಕೊಡುವ ಪರಮಪ್ರಸಾದದ ರೊಟ್ಟಿಗೆ ಜನ ಸಾಲುಗಟ್ಟಿದಾಗ ಹುಸೇನಪ್ಪನವರೂ ಎದ್ದರು. ಅವಳು ತೋಳು ಜಗ್ಗಿ, "ಮಾವಾರ, ತಪ್ಪು ತಿಳ್ಕೋಬ್ಯಾಡ್ರಿ. ಬ್ಯಾರೆ ಸಭೆಯವರು ಇಲ್ಲಿ ತಗೊಳ್ಳಂಗಿಲ್ಲರಿ," ಎಂದು ಪಿಸುಗುಟ್ಟಿದಳು.

ಕುಳಿತರು. ಜೀವಮಾನವಿಡೀ ಟಿಕೆಟಿಲ್ಲದವರನ್ನು ಇಳಿಸಿದವರಿಗೆ ತಾವೇ ಇಳಿದ ಅನುಭವ ಹೊಸದು.

"ನಮ್ಮ ಚರ್ಚಿನಾಗೂ ಅದೇ ರೊಟ್ಟಿ ಕೊಡ್ತಾರ, ಕರ್ತನ ಭೋಜನ ಅಂತ. ಅದಕ್ಕ ಅಕಿ ಬಂದ್ರ ನಾವು ಬ್ಯಾಡ ಅಂತೀವೇನು? ವಚನ ತೋರಿಸೇ ಕೇಳ್ತೀನಿ," ಎಂದು ಮರುದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ಹೆಂಡತಿ ಸುವರ್ಣಾ ಎದುರು ಗುಡುಗಿದರು.

"ಅಕಿ ಡ್ಯೂಟಿ ಮುಗಿಸಿ ಬರ್ಲಿ, ಕೇಳ್ರಿ," ಎಂದರು ಸುವರ್ಣಾ.

ಅಂದೇ ಸಂಜೆ ವಾದಕ್ಕೆ ಸಿದ್ಧತೆ ನಡೆಯಿತು. ಎಂದಿನಂತೆ ಏಳಕ್ಕೇ ಊಟಕ್ಕೆ ಕೂತು, ಮಟನ್ ಪಾತ್ರೆಯಿಂದ ಮೆತ್ತಗಿನ ತುಂಡುಗಳನ್ನು ಆರಿಸಿಕೊಂಡು, ಪಕ್ಕದಲ್ಲಿ ಬೈಬಲ್ ತೆರೆದಿಟ್ಟರು. ಯೇಸು ರೊಟ್ಟಿ ಮುರಿದು 'ಇದು ನನ್ನ ದೇಹ' ಅಂದದ್ದು ಸಿಕ್ಕಿತು. ಸಂಯುಕ್ತಾಳ ಕಡೆಯವರು ಆ ಮಾತನ್ನು ಇದ್ದದ್ದು ಇದ್ದಂತೆ ಹಿಡಿದವರು: ಅದು ರೊಟ್ಟಿಯಲ್ಲ, ಸಾಕ್ಷಾತ್ ಆತನೇ. ಮುಂದೆ 'ನನ್ನ ನೆನಪಿಗಾಗಿ ಮಾಡಿರಿ' ಅಂತಲೂ ಇತ್ತು. ಎದುರುಮನೆಯ ಬ್ಯಾಪ್ಟಿಸ್ಟ್ ಮೌನಪ್ಪನ ಪಾಲಿಗೆ ಅಷ್ಟೇ, ನೆನಪು. ತಮ್ಮ ಮೆಥೋಡಿಸ್ಟರು? ಆತ ನಿಜವಾಗಿ ಅಲ್ಲಿರುತ್ತಾನೆ, ಹೇಗೆಂದು ಕೇಳಬೇಡಿ ಎನ್ನುವವರು. ಹೇಗೆಂದು ಕೇಳಬಾರದೆನ್ನುವ ಪಕ್ಷದಿಂದ ವಾದಕ್ಕೆ ಹೊರಟಿದ್ದೇನಲ್ಲ ಎಂದು ಅವರಿಗೇ ನಗು ಬಂತು.

ಸಂತ ಪೌಲನಾದರೂ ಕೈಹಿಡಿದಾನು ಎಂದು, ಅವನು ಕೊರಿಂಥ ಊರಿನ ಸಭೆಯವರಿಗೆ ಬರೆದ ಪತ್ರವನ್ನು ಬೈಬಲಿನಲ್ಲಿ ತೆಗೆದರು. ಅಲ್ಲಿ ಪೌಲ ಕೆಂಡವಾಗಿದ್ದ. ಕರ್ತನ ಭೋಜನಕ್ಕೆ ಕೂಡಿ ಬಂದವರು ಒಬ್ಬರಿಗೊಬ್ಬರು ಕಾಯದೆ ತಮ್ಮತಮ್ಮ ಊಟ ಬಾರಿಸುತ್ತಾರೆ, ಒಬ್ಬನಿಗೆ ತೇಗು, ಇನ್ನೊಬ್ಬನಿಗೆ ಹಸಿವು, ಇದೆಂಥ ಸಭೆ ಎಂದು ಬೈದಿದ್ದ.

ಹುಸೇನಪ್ಪನವರ ಬಾಯಲ್ಲಿ ಕೊನೆಯ ಲಿವರ್ ತುಂಡಿತ್ತು. ಪಾತ್ರೆಯೊಳಗೆ ಇಣುಕಿದರು. ಸೊಸೆಗೂ ಹೆಂಡತಿಗೂ ಉಳಿದದ್ದು ಎಲುಬು, ಸಾರು. ಮದುವೆಯಾಗಿ ಬಂದ ದಿನದಿಂದ ಆ ಹುಡುಗಿ ಇದನ್ನೇ ಉಣ್ಣುತ್ತಿದ್ದಳೇನೋ. ಅವರು ನೋಡಿಯೇ ಇರಲಿಲ್ಲ.

"ಸುವರ್ಣಾ, ಈ ಪೌಲ ನಮ್ಮ ಮನಿಗೆ ಬಂದು ನೋಡಿ ಬರದಂಗ ಐತಿ!"

ಸಂಯುಕ್ತಾ ಬಂದು ಚಪ್ಪಲಿ ಬಿಡುತ್ತ, "ಏನೋ ಕೇಳ್ಬೇಕಂತಿದ್ರಂತಲ್ಲ, ಮಾವಾರ?" ಎಂದಳು.

"ಕೇಳಾಕ ಬಾಯಿ ಉಳಿದಿಲ್ಲವ್ವಾ. ನಿಮ್ಮ ಚರ್ಚಿನ ಫಾದರ್‌ನ ಮ್ಯಾಲೆ ಬಿಡಬೇಕಂದ ಬಾಣ ನನಗೇ ನೆಟ್ಟೈತಿ," ಎಂದು ನಡೆದದ್ದನ್ನೆಲ್ಲ ಹೇಳಿದರು.

ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಮೆಲ್ಲಗೆ, "ಆದ್ರ ನಮಗ ಅದು ಬರೇ ರೊಟ್ಟಿ ಅಲ್ರಿ. ಅದಕ್ಕ ಅವತ್ತು ಹಂಗಂದೆ. ನನಗೂ ಭಾಳ ಕೆಟ್ಟ ಅನ್ನಿಸ್ತು," ಎಂದಳು.

"ಇರ್ಲಿ ತಗೋ," ಎಂದರು ಹುಸೇನಪ್ಪ. ಒಪ್ಪಲಿಲ್ಲ, ಸಿಟ್ಟೂ ಉಳಿಯಲಿಲ್ಲ.

ಈಗ ಅವರು ಸೊಸೆ ಬರುವ ತನಕ ಉಣ್ಣುವುದಿಲ್ಲ. ಸಂತರಾದಿರೆಂದು ಯಾರಾದರೂ ಹೊಗಳಿಯಾರೆಂದು ಕಾದರು, ಯಾರೂ ಹೊಗಳಲಿಲ್ಲ. ಏಳೂವರೆಗೆ ಕದ್ದು ಬಿಸ್ಕತ್ತು ತಿಂದು, ಎಂಟಕ್ಕೆ ಫೋನ್ ಹಚ್ಚುತ್ತಾರೆ: "ಬಸ್ ಬೇಗಂಪೇಟೆ ದಾಟ್ತೇನವಾ?"