ಅಳಿಯಂದಿರ ಕಾರಿಗೆ ದೃಷ್ಟಿ ತೆಗೆದದ್ದು

ಅಳಿಯಂದಿರು ಬೇಡ ಅಂದರೂ ಕೇಳದೆ, ಅವರ ಹೊಸ ಕಾರಿಗೆ ಮೆಣಸಿನಕಾಯಿ ಸರ ಪೋಣಿಸಿ ಕಟ್ಟಿದೆ. ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿಯೇ ಶಿಕಾರಿಪುರ ಬಿಟ್ಟಿದ್ದು. ಸೊರಬಕ್ಕೆ ಹೊರಟವರು ಶಿರಾಳಕೊಪ್ಪ ಮುಟ್ಟೋದ್ರೊಳಗೆ ಟೈರು ಕೂತೇ ಹೋಯ್ತು.

ಪಂಚರ್ ಅಂಗಡಿಯವನು ಇಕ್ಕಳದಲ್ಲಿ ಎಳೆದರೆ, ಚೀಲ ಹೊಲಿಯೋ ದಬ್ಬಣ! ಕೆಂಪು ದಾರ ಬೇರೆ. ಸರ ಪೋಣಿಸಿದ ಮೇಲೆ ನಿಂಬೆಹಣ್ಣಿಗೆ ಚುಚ್ಚಿಟ್ಟು ಮರೆತಿದ್ದ ನನ್ನದೇ ದಬ್ಬಣ.

"ಯಾವ ಮನೆಹಾಳ ರಸ್ತೇಲಿ ಎಸೆದ್ನೋ! ನಿಮ್ಮ ನಿಂಬೆಹಣ್ಣು ಏನು ಕಾಯ್ತು ಅತ್ತೆ?" ಅಂದ್ರು ಅಳಿಯಂದಿರು.

"ಹಂಗನ್ಬೇಡ್ರಿ. ನಿಂಬೆಹಣ್ಣು ಇಟ್ಟಿದ್ದಕ್ಕೇ ಒಂದರಲ್ಲಿ ಹೋಯ್ತು. ಇಲ್ಲದಿದ್ರೆ ನಾಲ್ಕೂ ಹೋಗ್ತಿದ್ವು!"

ಅವರು ನನಗೆ ಕೈ ಮುಗಿದ್ರು. ದಬ್ಬಣ ಮಾತ್ರ ಇಸ್ಕೊಂಡು ಸೆರಗಿಗೆ ಸಿಕ್ಕಿಸಿಕೊಂಡೆ. ಪಾಪ, ಇನ್ಯಾರದೋ ಅಳಿಯನ ಟೈರಿಗೆ ಹತ್ತಬಾರದಲ್ಲ.